ಮನೆಯ ಆಂಪ್ಲಿಫೈಯರಿಗೆ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಆಯ್ಕೆ: ಪ್ರಚಲಿತ ಕ್ರಮದ ವಿಮರ್ಶೆ

ಯಶವಂತಪುರದ ಆಚೆಗಿರುವ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ತಯಾರಿಕೆಯನ್ನು ಆರಂಭಿಸಿತು. ಟ್ರಾನ್ಸಿಸ್ಟರು ನಮಗೆ ದೂರದೇಶದ ವಸ್ತುವಾಗಿ ಉಳಿಯದೆ ಬಹಳ ಕಾಲವಾಯಿತು. ಆದರೆ ವಸ್ತುವು ಹತ್ತಿರವಾದಷ್ಟು ಅದನ್ನು ಆರಿಸುವ ವಿವೇಕವೂ ಹತ್ತಿರವಾಗಿದೆಯೆ ಎಂಬುದು ವಿಚಾರಾರ್ಹ.

ಯಲಹಂಕ, ಹೆಬ್ಬಾಳಗಳ ಕಡೆಯಿಂದ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವ ವಿದ್ಯಾರ್ಥಿಯ ತರ್ಕವು ಸಾಮಾನ್ಯವಾಗಿ ಹೀಗಿರುತ್ತದೆ: 8 ಓಮ್ ಸ್ಪೀಕರಿಗೆ 30 ವ್ಯಾಟ್ ಬೇಕು, 2ಎನ್3055 ತಾಳುವುದು 115 ವ್ಯಾಟ್, ಆದುದರಿಂದ ಅದೂ ಅದರ ಜೊತೆಗಾರ ಎಂಜೆ2955 ಕೂಡಿದ ಒಂದು ಜೋಡಿ ಧಾರಾಳವಾಗಿ ಸಾಕು. ಪಾಠದ ಲೆಕ್ಕವೂ ಇದನ್ನು ಬೆಂಬಲಿಸುತ್ತದೆ. ಧನ 28, ಋಣ 28 ವೋಲ್ಟಿನ ಸರಬರಾಜಿನಲ್ಲಿ, ಬಿ ವರ್ಗದ ಮಂಡಲದಲ್ಲಿ, ಒಂದೊಂದು ಟ್ರಾನ್ಸಿಸ್ಟರಿನಲ್ಲಿ ಶಾಖವಾಗುವ ಸರಾಸರಿ ಶಕ್ತಿ ಹೆಚ್ಚೆಂದರೆ 10 ವ್ಯಾಟ್. ಕ್ಷಣಿಕ ಗರಿಷ್ಠವು 24.5 ವ್ಯಾಟ್. ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪಿರುವುದು ಅದರ ಊಹೆಗಳಲ್ಲಿ.

ಮೊದಲನೆಯದಾಗಿ, 115 ವ್ಯಾಟ್ ಎಂಬುದು ಟ್ರಾನ್ಸಿಸ್ಟರಿನ ಲೋಹದ ಕವಚವು 25 ಡಿಗ್ರಿಯಲ್ಲಿದ್ದಾಗ ಮಾತ್ರ ಸಲ್ಲುವ ಮಾತು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.66 ವ್ಯಾಟ್ ಕಳೆಯಬೇಕು. ಕವಚವು 75 ಡಿಗ್ರಿಗೆ ಕಾದರೆ ಉಳಿಯುವುದು 82 ವ್ಯಾಟ್.

ಎರಡನೆಯದಾಗಿ, ಸ್ಪೀಕರು ಬರಿಯ ರೋಧವಲ್ಲ. ಅದರಲ್ಲಿ ವೋಲ್ಟೇಜು ಮತ್ತು ಪ್ರವಾಹಗಳು ಯಾವಾಗಲೂ ಒಟ್ಟಿಗೆ ಏರಿಳಿಯುವುದಿಲ್ಲ. ಅವುಗಳ ನಡುವೆ ಕಾಲು ಆವರ್ತದ ಅಂತರವಿರುವ ಪರಮಾವಧಿಯನ್ನು ಊಹಿಸಿದರೆ, ಅದೇ ಮಂಡಲದಲ್ಲಿ ಸರಾಸರಿ ಶಾಖವು 24 ವ್ಯಾಟಿಗೂ ಕ್ಷಣಿಕ ಗರಿಷ್ಠವು 92 ವ್ಯಾಟಿಗೂ ಏರುತ್ತದೆ. ನಿಜವಾದ ಸ್ಪೀಕರು ಈ ಎರಡು ಕೊನೆಗಳ ನಡುವೆ ಇರುತ್ತದೆ. ವೋಲ್ಟೇಜು ಹೆಚ್ಚಾಗಿರುವಾಗಲೇ ಪ್ರವಾಹವೂ ಹೆಚ್ಚಾದರೆ, ಅದು ಸಿಲಿಕಾನ್ ಬಿಲ್ಲೆಯ ಒಂದೇ ಬಿಂದುವಿನಲ್ಲಿ ಕೂಡಿ ಸುಡುವ ಅಪಾಯವುಂಟು. ತಯಾರಕರ ವಿವರಪತ್ರದಲ್ಲಿ ಸುರಕ್ಷಿತ ಕಾರ್ಯವಲಯದ ನಕ್ಷೆಯನ್ನು ಕೊಟ್ಟಿರುವುದು ಇದಕ್ಕಾಗಿಯೇ.

ಮೂರನೆಯದಾಗಿ, 2ಎನ್3055 ತಾಳುವ ವೋಲ್ಟೇಜು 60. ನಮ್ಮ ಸರಬರಾಜಿನ ಎರಡು ತುದಿಗಳ ಅಂತರ 56. ಮನೆಯ ವಿದ್ಯುತ್ತು ಹತ್ತರಲ್ಲೊಂದು ಪಾಲು ಏರಿದರೆ ಅದು 61.6 ಆಗುತ್ತದೆ.

ಇಂತಹ ಒಂದೇ ಜೋಡಿಯ ಆಂಪ್ಲಿಫೈಯರುಗಳು ವರ್ಷಗಟ್ಟಲೆ ಹಾಡುತ್ತಿರುವುದನ್ನು ಕೆಲವರು ತೋರಿಸಬಹುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಸಂಗೀತವು ಪೂರ್ಣಶಕ್ತಿಯನ್ನು ಬೇಡುವುದು ಅಪರೂಪ. ಆದರೆ ಅಲ್ಲಿ ಮಂಡಲವನ್ನು ಕಾಪಾಡಿದ್ದು ಕೇಳುಗನ ಮಿತವೇ ಹೊರತು ರಚಿಸಿದವನ ವಿವೇಕವಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರು ಸುಟ್ಟರೆ ಸಾಮಾನ್ಯವಾಗಿ ಅದು ಕೂಡುತಂತಿಯಂತಾಗುತ್ತದೆ. ರಕ್ಷಣೆಯಿಲ್ಲದಿದ್ದರೆ 28 ವೋಲ್ಟಿನ ನೇರ ವಿದ್ಯುತ್ತು ಸ್ಪೀಕರಿಗೆ ಹರಿದು ಅದರ ಸುರುಳಿಯನ್ನೂ ಸುಡುತ್ತದೆ. ಕೆಲವೇ ರೂಪಾಯಿಗಳ ಉಳಿತಾಯಕ್ಕೆ ತೆರುವ ಬೆಲೆ ಇದು.

ಆದುದರಿಂದ ಆಯ್ಕೆಯ ಕ್ರಮವನ್ನು ತಿರುಗಿಸಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲು ವೋಲ್ಟೇಜು, ಅನಂತರ ಸ್ಪೀಕರಿನ ಸ್ವಭಾವಕ್ಕೆ ತಕ್ಕ ಕಾರ್ಯವಲಯ, ಆಮೇಲೆ ಹೀಟ್‌ಸಿಂಕಿನ ಉಷ್ಣತೆ; ವ್ಯಾಟಿನ ಅಂಕಿ ಕೊನೆಗೆ. ಹೀಗೆ ನೋಡಿದರೆ ಈ ಸರಬರಾಜಿಗೆ 140 ವೋಲ್ಟ್, 250 ವ್ಯಾಟುಗಳ ಎಂಜೆ15003 ಮತ್ತು ಎಂಜೆ15004 ಜೋಡಿಯೇ ಮೇಲು. 2ಎನ್3055 ಅನ್ನೇ ಬಳಸುವುದಾದರೆ ಸರಬರಾಜನ್ನು ತಗ್ಗಿಸಿ, ಕಡಿಮೆ ಶಕ್ತಿಗೆ ತೃಪ್ತಿಪಡಬೇಕು. ಅದು ಕೀಳು ಸಾಧನವೆಂದು ನಾವು ಹೇಳುತ್ತಿಲ್ಲ. ಅದರ ಮಿತಿಯನ್ನು ಮನ್ನಿಸಿರೆಂದಷ್ಟೇ ಹೇಳುತ್ತಿದ್ದೇವೆ.

ನಮ್ಮ ಪ್ರಯೋಗಶಾಲೆಗಳಲ್ಲಿ ರೋಧಕವನ್ನೇ ಸ್ಪೀಕರಿನ ಸ್ಥಾನದಲ್ಲಿಟ್ಟು ಅಳೆಯುವ ರೂಢಿಯಿದೆ. ಅಳತೆಗೆ ಅದು ಅನುಕೂಲವೇ ಸರಿ. ಆದರೆ ಮನೆಯಲ್ಲಿ ಹಾಡುವುದು ರೋಧಕವಲ್ಲವೆಂಬ ಮಾತನ್ನು ಆ ಪಾಠದೊಡನೆಯೇ ಹೇಳಿಕೊಡುವುದು ಅಧ್ಯಾಪಕರ ಹೊಣೆ.