ಬನ್ಯನನ ಯಾತ್ರಿಕನೂ ರಕ್ಷಣೆಯ ನಿಶ್ಚಯವೂ

ಒಮ್ಮೆ ದೊರೆತ ರಕ್ಷಣೆಯನ್ನು ಕ್ರೈಸ್ತ ವಿಶ್ವಾಸಿಯು ಕಳೆದುಕೊಳ್ಳಬಲ್ಲನೇ ಎಂಬುದು ಪ್ರಾಟೆಸ್ಟಂಟರಲ್ಲಿ ಬಹುಕಾಲದ ವಿವಾದ. ಹಾಲೆಂಡಿನ ಆರ್ಮಿನಿಯಸನ ಅನುಯಾಯಿಗಳು 1610ರಲ್ಲಿ ಇದು ಇನ್ನೂ ವಿಚಾರಾರ್ಹವೆಂದರು. 1618-19ರ ಡಾರ್ಟ್ ಸಭೆಯು, ದೇವರು ಆರಿಸಿಕೊಂಡವರು ಕಡೆಯವರೆಗೂ ನಿಲ್ಲುವರೆಂದು ನಿರ್ಣಯಿಸಿತು. ಜಾನ್ ಬನ್ಯನನು ಈ ಎರಡನೆಯ ಪಕ್ಷದವನು. ಆದರೂ 1678ರಲ್ಲಿ ಪ್ರಕಟವಾದ ಅವನ ‘ಪಿಲ್‌ಗ್ರಿಮ್ಸ್ ಪ್ರಾಗ್ರೆಸ್’ ಎಂಬ ರೂಪಕಕಥೆಯಲ್ಲಿ ಸ್ವರ್ಗದ ಬಾಗಿಲಿನಿಂದಲೇ ನರಕಕ್ಕೆ ದಾರಿಯುಂಟು. ಇದರಿಂದ ಕಥೆಯು ಸಿದ್ಧಾಂತವನ್ನು ಮೀರಿತೆನ್ನುವುದು ಸರಿಯಲ್ಲ. ಆ ದಾರಿಗೆ ತಳ್ಳಲ್ಪಟ್ಟ ಅಜ್ಞಾನಿಯು ಇಕ್ಕಟ್ಟಿನ ಬಾಗಿಲಿನಿಂದ ಒಳಹೊಕ್ಕವನೇ ಅಲ್ಲ. ಅವನಲ್ಲಿ ಮುದ್ರೆಯೊತ್ತಿದ ಓಲೆಯೂ ಇಲ್ಲ. ಪಡೆಯದುದನ್ನು ಕಳೆದುಕೊಳ್ಳುವುದೆಂತು? ಕಥಾನಾಯಕನಾದರೋ ಕಷ್ಟಗಿರಿಯ ಲತಾಮಂಟಪದಲ್ಲಿ ನಿದ್ರಿಸಿ ತನ್ನ ಓಲೆಯನ್ನು ಕಳೆದುಕೊಂಡು, ಅಳುತ್ತ ಹಿಂದಿರುಗಿ ಅದನ್ನು ಮರಳಿ ಪಡೆಯುತ್ತಾನೆ. ಕಳೆದುದು ರಕ್ಷಣೆಯಲ್ಲ, ಅದರ ನಿಶ್ಚಯ.

ಆದರೆ ಕಬ್ಬಿಣದ ಪಂಜರದಲ್ಲಿ ಕುಳಿತವನ ವಿಷಯದಲ್ಲಿ ಈ ಸಮಾಧಾನವು ಸಾಲದು. ಒಮ್ಮೆ ಭಕ್ತನೆನಿಸಿದ್ದ ಅವನು ತನಗಿನ್ನು ಪಶ್ಚಾತ್ತಾಪವೇ ಅಸಾಧ್ಯವೆನ್ನುತ್ತಾನೆ. ಅವನ ಹಿಂದಿನ ಭಕ್ತಿಯು ನಿಜವಾಗಿತ್ತೇ ಎಂಬುದನ್ನು ಅರ್ಥಬೋಧಕನು ತೀರ್ಮಾನಿಸುವುದಿಲ್ಲ. ಈ ದುರವಸ್ಥೆಯನ್ನು ಮರೆಯಬೇಡವೆಂದು ಯಾತ್ರಿಕನನ್ನು ಎಚ್ಚರಿಸುತ್ತಾನೆ. ಸಿದ್ಧಾಂತವು ಉತ್ತರಿಸಿದ ಪ್ರಶ್ನೆಯನ್ನು ಭಯವು ಮತ್ತೆ ಕೇಳುತ್ತದೆ. ಆ ಭಯವನ್ನು ಮರೆಮಾಚದಿರುವುದರಿಂದಲೇ ಈ ಗ್ರಂಥವು ಬರಿಯ ಮತಬೋಧೆಯಾಗದೆ ಕಾವ್ಯವಾಗಿದೆ ಎನ್ನಬಹುದು.