ಸ್ಪರ್ಧೆಯ ಬಾಗಿಲು ಮತ್ತು ಕೊಠಡಿಯ ಪಾಠ: ಕಿರುತೆರೆಯ ಬರಹಗಾರರು ರೂಪುಗೊಳ್ಳುವ ಬಗೆ

ಕಿರುತೆರೆಯ ಧಾರಾವಾಹಿಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಡೆಯುತ್ತದೆ. ಒಂದು, ಅವು ಬಿಂಬಿಸುವ ಕುಟುಂಬ, ಸ್ತ್ರೀ, ಜಾತಿ ಹಾಗೂ ನಂಬಿಕೆಗಳ ಸ್ವರೂಪವನ್ನು ಪ್ರಶ್ನಿಸುವ ಸಾಂಸ್ಕೃತಿಕ ನೆಲೆ. ಇನ್ನೊಂದು, ವೀಕ್ಷಕರ ಸಂಖ್ಯೆ, ಜಾಹೀರಾತು ಮತ್ತು ಬಂಡವಾಳವನ್ನು ಲೆಕ್ಕ ಹಾಕುವ ಮಾರುಕಟ್ಟೆಯ ನೆಲೆ. ಈ ಎರಡೂ ಚರ್ಚೆಗಳಲ್ಲಿ ಮರೆಯಾಗುವವರು ಬರಹಗಾರರು. ಕಾದಂಬರಿಕಾರರ ವಿಷಯದಲ್ಲಿ ಅವರ ಓದು, ಅವರ ಗುರುಗಳು, ಮೊದಲ ಕಥೆ ಪ್ರಕಟವಾದ ಪತ್ರಿಕೆ ಇವೆಲ್ಲವನ್ನೂ ಗಮನಿಸುವ ವಿಮರ್ಶೆಯು, ದಿನನಿತ್ಯ ಮನೆಮನೆಯಲ್ಲಿ ಕೇಳಿಬರುವ ಮಾತುಗಳನ್ನು ಬರೆಯುವವರು ಆ ಕಸುಬನ್ನು ಎಲ್ಲಿ ಕಲಿತರು ಎಂದು ಕೇಳುವುದು ಅಪರೂಪ.

ಹೊಸ ಬರಹಗಾರರಿಗೆ ಈ ಕ್ಷೇತ್ರದಲ್ಲಿ ತೆರೆದಿರುವ ದಾರಿಗಳು ಮುಖ್ಯವಾಗಿ ಎರಡು: ಸ್ಪರ್ಧೆ ಮತ್ತು ಹಿರಿಯರ ಮಾರ್ಗದರ್ಶನ. ಇವೆರಡನ್ನೂ ಒಂದೇ ಬಗೆಯ ಅವಕಾಶವೆಂದು ಭಾವಿಸುವುದು ರೂಢಿಯಲ್ಲಿದೆ. ಆದರೆ ಇವುಗಳ ಕೆಲಸ ಬೇರೆ ಬೇರೆ. ಸ್ಪರ್ಧೆ ಆರಿಸುತ್ತದೆ; ಕಲಿಸುವುದಿಲ್ಲ. ಕಲಿಕೆ ನಡೆಯುವುದು ಅನುಭವಿಗಳ ಜತೆ ಕುಳಿತು ದೀರ್ಘಕಾಲ ಕೆಲಸ ಮಾಡುವ ಸ್ಥಳದಲ್ಲಿ. ಅಂಥ ಸ್ಥಳಕ್ಕೆ ತೆರೆದುಕೊಳ್ಳದ ಸ್ಪರ್ಧೆ ಎಷ್ಟೇ ದೊಡ್ಡ ಬಹುಮಾನ ನೀಡಿದರೂ ಬರಹಗಾರರನ್ನು ರೂಪಿಸಲಾರದು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಈ ಎರಡೂ ದಾರಿಗಳು ವ್ಯವಸ್ಥಿತ ರೂಪ ಪಡೆದಿರುವ ಅಮೆರಿಕ ಮತ್ತು ಬ್ರಿಟನ್ನಿನ ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಿ, ಅವುಗಳ ಬೆಳಕಿನಲ್ಲಿ ಕನ್ನಡದ ಸಂದರ್ಭವನ್ನು ನೋಡಲಾಗಿದೆ.

ಒಂದು ಸ್ಪರ್ಧೆಯಿಂದ ಮೂರು ತಲೆಮಾರು

ಅಮೆರಿಕದ ಕಿರುತೆರೆ ಬರಹಗಾರ ವಿನ್ಸ್ ಗಿಲಿಗನ್ ಅವರ ವೃತ್ತಿಜೀವನ ಈ ಚರ್ಚೆಗೆ ತಕ್ಕ ನಿದರ್ಶನ. 1989ರಲ್ಲಿ ಅವರ 'ಹೋಮ್ ಫ್ರೈಸ್' ಎಂಬ ಚಿತ್ರಕಥೆಗೆ ವರ್ಜೀನಿಯಾ ರಾಜ್ಯದ ಗವರ್ನರ್ ಹೆಸರಿನ ಚಿತ್ರಕಥಾ ಪ್ರಶಸ್ತಿ ದೊರೆಯಿತು. ತೀರ್ಪುಗಾರರಲ್ಲಿ ಒಬ್ಬರು ಚಲನಚಿತ್ರ ನಿರ್ಮಾಪಕ ಮಾರ್ಕ್ ಜಾನ್ಸನ್. ಬಹುಮಾನದ ಪತ್ರದೊಂದಿಗೆ ಈ ಸಂಬಂಧ ಮುಗಿಯಲಿಲ್ಲ. ಆ ಚಿತ್ರಕಥೆ 1998ರಲ್ಲಿ ಚಲನಚಿತ್ರವಾಯಿತು. 2008ರಲ್ಲಿ ಪ್ರಸಾರ ಆರಂಭಿಸಿದ ಗಿಲಿಗನ್ ಅವರ 'ಬ್ರೇಕಿಂಗ್ ಬ್ಯಾಡ್' ಸರಣಿಗೂ ಜಾನ್ಸನ್ ಅವರೇ ಕಾರ್ಯಕಾರಿ ನಿರ್ಮಾಪಕರಲ್ಲಿ ಒಬ್ಬರಾಗಿದ್ದರು. ಅಂದರೆ, ತೀರ್ಪುಗಾರರು ಇಲ್ಲಿ ಅಂಕ ನೀಡಿ ಹಿಂದೆ ಸರಿಯಲಿಲ್ಲ. ತಾವು ಮೆಚ್ಚಿದ ಬರಹದ ಹೊಣೆಯನ್ನೂ ಹೊತ್ತರು.

ಆದರೂ ಈ ಬಹುಮಾನ ಗಿಲಿಗನ್ ಅವರನ್ನು ಕಿರುತೆರೆಯ ಬರಹಗಾರರನ್ನಾಗಿ ಮಾಡಿತೆಂದು ಹೇಳಲಾಗದು. ಆ ಕೆಲಸ ನಡೆದದ್ದು ಕ್ರಿಸ್ ಕಾರ್ಟರ್ ಅವರ 'ದಿ ಎಕ್ಸ್ ಫೈಲ್ಸ್' ಸರಣಿಯಲ್ಲಿ. 1995ರಲ್ಲಿ ಹೊರಗಿನಿಂದ ಒಂದು ಸಂಚಿಕೆ ಬರೆದುಕೊಟ್ಟ ಗಿಲಿಗನ್ ಬಳಿಕ ಆ ಸರಣಿಯ ಬರಹಗಾರರ ತಂಡವನ್ನು ಸೇರಿ ಹಲವು ವರ್ಷ ದುಡಿದರು. ಅಲ್ಲಿ ಅವರು ಬರೆಯಬೇಕಾಗಿದ್ದುದು ತಮ್ಮ ಪಾತ್ರಗಳನ್ನಲ್ಲ, ಇನ್ನೊಬ್ಬರು ಸೃಷ್ಟಿಸಿದ ಪಾತ್ರಗಳನ್ನು. ಇನ್ನೊಬ್ಬರ ಧ್ವನಿಯಲ್ಲಿ ಮಾತನಾಡುತ್ತಲೇ ತನ್ನ ದೃಷ್ಟಿಯನ್ನು ಕಾಪಾಡಿಕೊಳ್ಳುವುದು ಕಿರುತೆರೆ ಬರಹದ ಮೊದಲ ಶಿಸ್ತು. 1998ರಲ್ಲಿ ಪ್ರಸಾರವಾದ 'ಡ್ರೈವ್' ಎಂಬ ಸಂಚಿಕೆಯಲ್ಲಿ ದ್ವೇಷ ತುಂಬಿದ, ಯಾವ ರೀತಿಯಲ್ಲೂ ಪ್ರಿಯನಲ್ಲದ ಒಬ್ಬ ಮನುಷ್ಯ ಸಾಯುವ ಹೊತ್ತಿಗೆ ವೀಕ್ಷಕರ ಅನುಕಂಪವನ್ನು ಪಡೆಯುತ್ತಾನೆ. ಆ ಪಾತ್ರವನ್ನು ನಿರ್ವಹಿಸಿದ ಬ್ರಯಾನ್ ಕ್ರ್ಯಾನ್‌ಸ್ಟನ್ ಅವರೇ ಮುಂದೆ 'ಬ್ರೇಕಿಂಗ್ ಬ್ಯಾಡ್'ನ ನಾಯಕರಾದರು. ಒಳ್ಳೆಯವನಲ್ಲದವನನ್ನು ಪ್ರೇಕ್ಷಕ ಬಿಡದೆ ಹಿಂಬಾಲಿಸುವಂತೆ ಮಾಡುವ ಪ್ರಯೋಗ ಮೊದಲು ನಡೆದದ್ದು ಮತ್ತೊಬ್ಬರ ಸರಣಿಯ ಒಂದು ಸಂಚಿಕೆಯ ಚೌಕಟ್ಟಿನಲ್ಲಿ ಎಂಬುದು ಗಮನಾರ್ಹ.

ಈ ಪರಂಪರೆ ಮುಂದಿನ ತಲೆಮಾರಿಗೂ ಸಾಗಿತು. 'ಬ್ರೇಕಿಂಗ್ ಬ್ಯಾಡ್' ತಂಡದ ಪೀಟರ್ ಗೌಲ್ಡ್ 2009ರ ಒಂದು ಸಂಚಿಕೆಯಲ್ಲಿ ಸಾಲ್ ಗುಡ್‌ಮನ್ ಎಂಬ ವಕೀಲನ ಪಾತ್ರವನ್ನು ಪರಿಚಯಿಸಿದರು; 2015ರಿಂದ 2022ರವರೆಗೆ ನಡೆದ 'ಬೆಟರ್ ಕಾಲ್ ಸಾಲ್' ಸರಣಿಗೆ ಅವರು ಗಿಲಿಗನ್ ಅವರೊಂದಿಗೆ ಸಹಸೃಷ್ಟಿಕರ್ತರಾದರು. ಅದೇ ತಂಡದ ಕಚೇರಿಯಲ್ಲಿ ಸಹಾಯಕರಾಗಿ ಸೇರಿದ ಗಾರ್ಡನ್ ಸ್ಮಿತ್ ಎರಡನೆಯ ಸರಣಿಯಲ್ಲಿ ಬರಹಗಾರರಾಗಿ, 2015ರ 'ಫೈವ್-ಓ' ಸಂಚಿಕೆಗೆ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ಪಡೆದರು. ಸ್ಮಿತ್ ಅವರಿಗೆ ಈ ದಾರಿ ತೆರೆದದ್ದು ಸ್ಪರ್ಧೆಯಲ್ಲ. ಹಿರಿಯರು ಕಥೆಯನ್ನು ಕಟ್ಟುವುದನ್ನೂ ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುವುದನ್ನೂ ದಿನವೂ ಹತ್ತಿರದಿಂದ ನೋಡುವ ಅವಕಾಶ.

ಸ್ಪರ್ಧೆ ಅಳೆಯುವುದು ಏನನ್ನು?

ಅಮೆರಿಕದಲ್ಲಿ ಹೊಸಬರು ತಮ್ಮ ಸಾಮರ್ಥ್ಯವನ್ನು ತೋರಿಸಲು ಬರೆಯುವ ಮಾದರಿಗಳು ಎರಡು ಬಗೆಯವು. ಪ್ರಸಾರದಲ್ಲಿರುವ ಸರಣಿಯೊಂದಕ್ಕೆ ಯಾರೂ ಕೇಳದೆಯೇ ಬರೆದ ಕಾಲ್ಪನಿಕ ಸಂಚಿಕೆ ಮೊದಲನೆಯದು. ಇದು 'ಸ್ಪೆಕ್' ಎಂದು ಹೆಸರಾಗಿದೆ. ಬರಹಗಾರರು ತಾವೇ ಕಲ್ಪಿಸಿದ ಹೊಸ ಸರಣಿಯ ಆರಂಭದ ಸಂಚಿಕೆ, ಅಂದರೆ 'ಪೈಲಟ್', ಎರಡನೆಯದು. ಹಿಂದೆ ಮೊದಲನೆಯದಕ್ಕೆ ಹೆಚ್ಚಿನ ಬೆಲೆಯಿತ್ತು. ಕಾಲಕ್ರಮೇಣ ಎರಡನೆಯದು ಮುನ್ನೆಲೆಗೆ ಬಂದಿತು. ಈ ಬದಲಾವಣೆ ಸ್ವಂತಿಕೆಗೆ ದೊರೆತ ಮನ್ನಣೆಯಂತೆ ಕಾಣುತ್ತದೆ. ಅದು ಭಾಗಶಃ ನಿಜವೂ ಹೌದು. ಆದರೆ ಸರಣಿಯ ಆರಂಭವನ್ನು ಬರೆಯುವ ಶಕ್ತಿ ಬೇರೆ, ಅದನ್ನು ಮುಂದುವರಿಸುವ ಶಕ್ತಿ ಬೇರೆ. ಮೊದಲ ಸಂಚಿಕೆಯಲ್ಲಿ ಎಲ್ಲವೂ ಹೊಸದು. ನಲವತ್ತನೆಯ ಸಂಚಿಕೆಯಲ್ಲಿ ಪ್ರೇಕ್ಷಕರಿಗೆ ಪಾತ್ರಗಳ ಒಳಹೊರಗು ತಿಳಿದಿರುತ್ತದೆ. ತಿಳಿದಿರುವ ಪಾತ್ರದಿಂದ ತಿಳಿಯದ ಮಾತನ್ನು ಹೊರಡಿಸುವುದೇ ಧಾರಾವಾಹಿ ಬರಹದ ನಿಜವಾದ ಪರೀಕ್ಷೆ. ಆರಂಭವನ್ನು ಮಾತ್ರ ಅಳೆಯುವ ಸ್ಪರ್ಧೆ ಈ ಪರೀಕ್ಷೆಯನ್ನು ನಡೆಸುವುದೇ ಇಲ್ಲ.

ಮ್ಯಾಥ್ಯೂ ವೈನರ್ ಅವರ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 'ಬೆಕರ್' ಎಂಬ ಹಾಸ್ಯ ಸರಣಿಗೆ ದುಡಿಯುತ್ತಿದ್ದ ಕಾಲದಲ್ಲಿಯೇ ಅವರು 'ಮ್ಯಾಡ್ ಮೆನ್' ಸರಣಿಯ ಮೊದಲ ಸಂಚಿಕೆಯನ್ನು ಬರೆದಿಟ್ಟಿದ್ದರು. ಅದನ್ನು ಓದಿದ ಡೇವಿಡ್ ಚೇಸ್ ಅವರನ್ನು ತಮ್ಮ 'ದಿ ಸೊಪ್ರಾನೋಸ್' ತಂಡಕ್ಕೆ ಸೇರಿಸಿಕೊಂಡರು. 'ಮ್ಯಾಡ್ ಮೆನ್' ತೆರೆಗೆ ಬಂದದ್ದು 2007ರಲ್ಲಿ, 'ದಿ ಸೊಪ್ರಾನೋಸ್' ಮುಗಿದ ಬಳಿಕ. ಇಲ್ಲಿ ಪೈಲಟ್ ಮೊದಲು ಮಾಡಿದ ಕೆಲಸ ತಾನೇ ಸರಣಿಯಾಗುವುದಲ್ಲ, ತನ್ನ ಬರಹಗಾರನನ್ನು ಒಬ್ಬ ಹಿರಿಯರ ಬಳಿಗೆ ಕೊಂಡೊಯ್ಯುವುದು. ಒಳ್ಳೆಯ ಸ್ಪರ್ಧೆ ಮಾಡಬೇಕಾದ ಕೆಲಸವೂ ಇದೇ. ವೈನರ್ ಅವರ ಪಾಲಿಗೆ ಇದು ವೃತ್ತಿಯೊಳಗಿನ ಪರಿಚಯದಿಂದ ಒದಗಿತು. ಅಂಥ ಪರಿಚಯವಿಲ್ಲದವರಿಗೆ ಒದಗಿಸುವುದು ಸಾರ್ವಜನಿಕ ಸ್ಪರ್ಧೆಯ ಸಮರ್ಥನೆ. ದೊಡ್ಡ ನಗರದಿಂದ, ಉದ್ಯಮದ ಕುಟುಂಬಗಳಿಂದ ದೂರವಿರುವವರಿಗೆ ಬಾಗಿಲು ಬಡಿಯಲು ಬೇರೆ ದಾರಿಯಿಲ್ಲವೆಂಬ ಕಾರಣಕ್ಕೆ ಸ್ಪರ್ಧೆಯನ್ನು ತಳ್ಳಿಹಾಕುವಂತಿಲ್ಲ.

ಶಾಲೆಗಳು ಮುಚ್ಚಿದಾಗ

ಆಯ್ಕೆಯನ್ನೂ ಕಲಿಕೆಯನ್ನೂ ಒಟ್ಟುಗೂಡಿಸಿದ ಪ್ರಯತ್ನಗಳು ಇಲ್ಲದಿಲ್ಲ. ವಾರ್ನರ್ ಬ್ರದರ್ಸ್ ಸಂಸ್ಥೆಯ ಕಿರುತೆರೆ ಕಾರ್ಯಾಗಾರ ಅಂಥವುಗಳಲ್ಲಿ ಒಂದು. ಬ್ರಿಟನ್ನಿನ ಬಿಬಿಸಿಯಲ್ಲಿ ಜಾನ್ ಯಾರ್ಕ್ 2005ರಲ್ಲಿ ಆರಂಭಿಸಿದ ಬರಹಗಾರರ ಅಕಾಡೆಮಿ ಇನ್ನೊಂದು. ಅಲ್ಲಿ ಆಯ್ಕೆಯಾದವರು ಪಾಠ ಕೇಳಿ ಮನೆಗೆ ಹೋಗುತ್ತಿರಲಿಲ್ಲ. 'ಈಸ್ಟ್ ಎಂಡರ್ಸ್', 'ಕ್ಯಾಶುಯಲ್ಟಿ', 'ಹೋಲ್ಬಿ ಸಿಟಿ', 'ಡಾಕ್ಟರ್ಸ್' ಮುಂತಾದ ದೀರ್ಘ ಸರಣಿಗಳಿಗೆ ನಿಜವಾದ ಸಂಚಿಕೆಗಳನ್ನು ಬರೆಯುತ್ತಿದ್ದರು. ವಿಮರ್ಶಕರು ಸಾಮಾನ್ಯವಾಗಿ ಕೀಳಾಗಿ ಕಾಣುವ ದೀರ್ಘ ಧಾರಾವಾಹಿಗಳೇ ಹೊಸಬರ ಪಾಠಶಾಲೆಗಳಾಗಿದ್ದವು ಎಂಬ ಅಂಶ ಇಲ್ಲಿ ಮುಖ್ಯ. ನೂರಾರು ಸಂಚಿಕೆಗಳು ಬೇಕಾಗುವ ಕಡೆ ಮಾತ್ರ ಹೊಸಬರು ತಪ್ಪು ಮಾಡಲು, ಅದನ್ನು ತಿದ್ದಿಕೊಳ್ಳಲು ಎಡೆಯಿರುತ್ತದೆ.

ಈ ಎಡೆ ಇತ್ತೀಚಿನ ವರ್ಷಗಳಲ್ಲಿ ಕುಗ್ಗಿದೆ. 'ಹೋಲ್ಬಿ ಸಿಟಿ' 2022ರಲ್ಲಿ, 'ಡಾಕ್ಟರ್ಸ್' 2024ರಲ್ಲಿ ಕೊನೆಗೊಂಡವು. ವಾರ್ನರ್ ಕಾರ್ಯಾಗಾರವನ್ನು ಮುಚ್ಚುವ ನಿರ್ಧಾರ 2022ರ ಅಕ್ಟೋಬರಿನಲ್ಲಿ ಪ್ರಕಟವಾಗಿ, ವಿರೋಧ ಬಂದ ಮೇಲೆ ಬದಲಾಯಿತು. ಅಮೆರಿಕದಲ್ಲಿ ಅಂತರ್ಜಾಲ ವಾಹಿನಿಗಳು ಬಂದ ಬಳಿಕ ಸರಣಿಗಳು ಎಂಟು ಹತ್ತು ಸಂಚಿಕೆಗಳಿಗೆ ಇಳಿದವು. ಚಿತ್ರೀಕರಣಕ್ಕೆ ಮೊದಲೇ ಕೆಲವೇ ಜನರಿಂದ ಕೆಲವೇ ವಾರಗಳಲ್ಲಿ ಬರೆಸಿ ಕಳುಹಿಸುವ ಪದ್ಧತಿ ಹರಡಿತು. ಹೊಸಬರು ತಾವು ಬರೆದ ದೃಶ್ಯ ಚಿತ್ರೀಕರಣದಲ್ಲಿ ಏನಾಯಿತು, ಸಂಕಲನದಲ್ಲಿ ಏನು ಉಳಿಯಿತು ಎಂಬುದನ್ನು ನೋಡದೆಯೇ ಕೆಲಸದಿಂದ ಹೊರಬೀಳತೊಡಗಿದರು.

2023ರ ಮೇ 2ರಿಂದ 148 ದಿನ ನಡೆದ ಅಮೆರಿಕದ ಬರಹಗಾರರ ಸಂಘದ ಮುಷ್ಕರವನ್ನು ಈ ಹಿನ್ನೆಲೆಯಲ್ಲಿಯೂ ಓದಬೇಕು. ಸಂಭಾವನೆ ಮತ್ತು ಕೃತಕ ಬುದ್ಧಿಮತ್ತೆಯ ಬಳಕೆ ಅದರ ಪ್ರಸಿದ್ಧ ವಿಷಯಗಳು. ಆದರೆ ಅಂತಿಮ ಒಪ್ಪಂದದಲ್ಲಿ ತಂಡದ ಕನಿಷ್ಠ ಗಾತ್ರವೂ ನಿಗದಿಯಾಯಿತು: ಆರು ಸಂಚಿಕೆಗಳವರೆಗೆ 3, ಏಳರಿಂದ ಹನ್ನೆರಡರವರೆಗೆ 5, ಹದಿಮೂರು ಮತ್ತು ಅದಕ್ಕೂ ಹೆಚ್ಚಿಗೆ 6 ಬರಹಗಾರರು. ಇಡೀ ಸರಣಿಯನ್ನು ಒಬ್ಬರೇ ಬರೆಯುವ ಸಂದರ್ಭಕ್ಕೆ ವಿನಾಯಿತಿಯಿದೆ. ಚಿತ್ರೀಕರಣದ ಅವಧಿಯಲ್ಲಿಯೂ ಬರಹಗಾರರನ್ನು ಉಳಿಸಿಕೊಳ್ಳುವ ನಿಯಮ ಸೇರಿತು. ಹಿರಿಯರ ಪಕ್ಕದಲ್ಲಿ ಕಿರಿಯರಿಗೆ ಒಂದು ಕುರ್ಚಿ ಇರಬೇಕೆಂಬ ಮಾತು ಔದಾರ್ಯದ ಕ್ಷೇತ್ರದಿಂದ ಕರಾರಿನ ಕ್ಷೇತ್ರಕ್ಕೆ ಬಂದದ್ದು ಇದರ ನಿಜವಾದ ಅರ್ಥ.

ಕನ್ನಡದ ಸಂದರ್ಭ

ಸ್ಪರ್ಧೆ ಮತ್ತು ಶಿಷ್ಯವೃತ್ತಿ ಎರಡೂ ಕನ್ನಡಕ್ಕೆ ಹೊಸವಲ್ಲ. ಪತ್ರಿಕೆಗಳ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಕನ್ನಡ ಸಣ್ಣಕಥೆಯ ಇತಿಹಾಸದ ಅವಿಭಾಜ್ಯ ಅಂಗ. ರಂಗಭೂಮಿಯಲ್ಲಿ ಕೆ. ವಿ. ಸುಬ್ಬಣ್ಣನವರ ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, ಸಹವಾಸದ ಮೂಲಕ ಕಲಿಯುವ ಮಾದರಿಯೊಂದನ್ನು ನಿಲ್ಲಿಸಿತು. ಸಣ್ಣಕಥೆಗೆ ದೊರೆತ ಬಾಗಿಲಾಗಲಿ, ರಂಗಭೂಮಿಗೆ ದೊರೆತ ಮನೆಯಾಗಲಿ ಅದೇ ಪ್ರಮಾಣದಲ್ಲಿ ಧಾರಾವಾಹಿ ಬರಹಕ್ಕೆ ದೊರೆತಿಲ್ಲ.

ಹಾಗೆಂದು ಕಿರುತೆರೆಯಲ್ಲಿ ಗುರುಶಿಷ್ಯ ಸಂಬಂಧಗಳೇ ಇರಲಿಲ್ಲವೆಂದಲ್ಲ. 1990ರ ದಶಕದ ಕೊನೆಯಲ್ಲಿ ಪ್ರಸಾರವಾದ 'ಮಾಯಾಮೃಗ'ವನ್ನು ಟಿ. ಎನ್. ಸೀತಾರಾಮ್ ಅವರೊಂದಿಗೆ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದರು. ಶೇಷಾದ್ರಿಯವರು ಬಳಿಕ 'ಮುನ್ನುಡಿ' ಚಿತ್ರದಿಂದ ರಾಷ್ಟ್ರಪ್ರಶಸ್ತಿ ಪಡೆದ ನಿರ್ದೇಶಕರಾದರು. ಹಲವರು ಕೂಡಿ ಕಟ್ಟುವ ಧಾರಾವಾಹಿ ಪ್ರತಿಭೆಯನ್ನು ಬಳಸುವುದಷ್ಟೇ ಅಲ್ಲ, ಬೆಳೆಸಲೂ ಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಇಂಥ ಬೆಳವಣಿಗೆ ವ್ಯಕ್ತಿಗಳ ಆಸಕ್ತಿಯನ್ನು ಅವಲಂಬಿಸಿತ್ತು. ವ್ಯಕ್ತಿ ಬದಲಾದರೆ ಪರಂಪರೆ ಕಡಿಯುತ್ತದೆ. ದೈನಿಕ ಧಾರಾವಾಹಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆಗಳು ಬೇರೆ ಬೇರೆ ಕೈಗಳಿಗೆ ಹಂಚಿಹೋಗುವುದು ಸಾಮಾನ್ಯ. ಹೊಸಬರಿಗೆ ಹೆಚ್ಚಾಗಿ ದೊರೆಯುವುದು ಸಂಭಾಷಣೆ. ಕಥೆ ಹೀಗೇ ಏಕೆ ತಿರುಗಿತು ಎಂಬ ಚರ್ಚೆಯಿಂದ ದೂರವಿದ್ದು, ನಾಳಿನ ಚಿತ್ರೀಕರಣಕ್ಕೆ ಇಂದು ಮಾತು ಜೋಡಿಸುವವರು ವೇಗವನ್ನು ಕಲಿಯುತ್ತಾರೆ. ರಚನೆಯನ್ನು ಕಲಿಯುವುದು ಕಷ್ಟ.

ಇದರ ಪರಿಣಾಮ ಭಾಷೆಯ ಮೇಲೂ ಆಗುತ್ತದೆ. ಅನ್ಯಭಾಷೆಯ ಧಾರಾವಾಹಿಗಳ ಮರುನಿರ್ಮಾಣ ಬಹುಕಾಲದಿಂದ ನಡೆದುಬಂದಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಪ್ರಸಾರವಾದ ಮೇಲೆ ಡಬ್ಬಿಂಗ್ ಧಾರಾವಾಹಿಗಳಿಗೂ ದಾರಿ ತೆರೆಯಿತು. ಡಬ್ಬಿಂಗ್ ಸರಿಯೇ ತಪ್ಪೇ ಎಂಬ ವಾದ ಏನೇ ಇರಲಿ, ಎರಡೂ ಸಂದರ್ಭಗಳಲ್ಲಿ ಕನ್ನಡ ಬರಹಗಾರರಿಗೆ ಉಳಿಯುವುದು ಬೇರೆಡೆ ಕಲ್ಪಿತವಾದ ಬದುಕಿಗೆ ಕನ್ನಡದ ಮಾತು ಹೊಂದಿಸುವ ಕೆಲಸ. ಕೋಲಾರದ, ಕಲಬುರಗಿಯ, ಕುಂದಾಪುರದ ಮನೆಯೊಂದರ ಜಗಳ ಹೇಗೆ ಹುಟ್ಟಿ ಹೇಗೆ ತಣಿಯುತ್ತದೆ ಎಂಬುದನ್ನು ನೂರು ಸಂಚಿಕೆಗಳಲ್ಲಿ ಹೇಳಬಲ್ಲವರನ್ನು ಬೆಳೆಸದಿದ್ದರೆ ಕನ್ನಡದ ಕಿರುತೆರೆಯಲ್ಲಿ ಕನ್ನಡ ಕೇಳಿಸುತ್ತದೆ, ಕನ್ನಡದ ಬದುಕು ಕಾಣಿಸುವುದಿಲ್ಲ.

ಅಕಾಡೆಮಿಗಳಾಗಲಿ ವಾಹಿನಿಗಳಾಗಲಿ ಇನ್ನು ಮುಂದೆ ಧಾರಾವಾಹಿ ಬರಹದ ಸ್ಪರ್ಧೆಗಳನ್ನು ಏರ್ಪಡಿಸುವುದಾದರೆ ಈ ಚರ್ಚೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಮೊದಲ ಸಂಚಿಕೆಯ ಜತೆಗೆ ಕಥೆಯ ನಡುವಿನ ಒಂದು ಸಂಚಿಕೆಯನ್ನೂ ಕೇಳಬೇಕು. ಮುಂದುವರಿಸುವ ಶಕ್ತಿ ಅಲ್ಲಿ ತಿಳಿಯುತ್ತದೆ. ಎರಡನೆಯದಾಗಿ, ಬಹುಮಾನ ಹಣಕ್ಕೆ ಸೀಮಿತವಾಗದೆ, ನಡೆಯುತ್ತಿರುವ ಧಾರಾವಾಹಿಯ ತಂಡದಲ್ಲಿ ಒಂದು ವರ್ಷದ ವೇತನಸಹಿತ ಸ್ಥಾನವಾಗಿರಬೇಕು; ಕಥೆಯ ಚರ್ಚೆಯಿಂದ ಸಂಕಲನದವರೆಗೆ ಹಾಜರಿರುವ ಹಕ್ಕು ಅದರಲ್ಲಿ ಸೇರಿರಬೇಕು. ಮೂರನೆಯದಾಗಿ, ಕಲಿಸುವ ಹಿರಿಯರ ಕೆಲಸಕ್ಕೆ ಸಂಭಾವನೆಯೂ ಶೀರ್ಷಿಕೆಯಲ್ಲಿ ಹೆಸರೂ ದೊರೆಯಬೇಕು. ಕಲಿಸುವುದನ್ನು ಬಿಡುವಿನ ವೇಳೆಯ ಉಪಕಾರವೆಂದು ಎಣಿಸಿದಷ್ಟು ಕಾಲವೂ, ಸಂಚಿಕೆ ಒಪ್ಪಿಸುವ ಅವಸರದಲ್ಲಿ ಮೊದಲು ಕೈಬಿಟ್ಟುಹೋಗುವುದು ಅದೇ.