ಸಿಟ್ಟು ಯಾರ ಮ್ಯಾಲ, ಯಾರ ಸಂಗಟ?

‘ಐ ಆಮ್ ಆಂಗ್ರಿ ಆನ್ ಯು’ ಅನ್ನೋದು ತಪ್ಪು ಇಂಗ್ಲಿಷು. ‘ಆಂಗ್ರಿ ವಿತ್ ಯು’ ಅನ್ನಬೇಕು. ನಮ್ಮ ಕಡೆ ಸಾಲ್ಯಾಗ ಇದನ್ನ ಹೇಳಿಕೊಡ್ತಾರೆ, ಹುಡುಗರು ಬರಕೊಳ್ತಾರೆ, ಮರುದಿನ ಮತ್ತೆ ‘ಆನ್’ ಅಂತಾರೆ. ಯಾಕಂದ್ರೆ ಮಂಠಾಳದಾಗ ಸಿಟ್ಟು ಯಾರ ಸಂಗಟನೂ ಇರೋದಿಲ್ಲ, ಯಾರದೋ ಮ್ಯಾಲ ಇರ್ತದ. ಕನ್ನಡದಾಗ ‘ಅವನ ಮ್ಯಾಲ ಸಿಟ್ಟು’. ಮರಾಠಿಯಾಗ ‘ತ್ಯಾಚ್ಯಾವರ್ ರಾಗ್’. ಉರ್ದುದಾಗ ‘ಉಸ್ ಪರ್ ಗುಸ್ಸಾ’. ಮೂರೂ ಭಾಷೆಯಲ್ಲಿ ಸಿಟ್ಟು ಮೇಲಿಂದ ಬೀಳುವ ವಸ್ತು. ಬಸವಕಲ್ಯಾಣ ತಾಲ್ಲೂಕು ಅಂದ್ರೆ ಮಹಾರಾಷ್ಟ್ರದ ಗಡಿ. ಇಲ್ಲಿನ ಮಗುವಿಗೆ ಸಾಲಿಗೆ ಹೋಗೋ ಮೊದಲೇ ಈ ಮೂರೂ ಮಾತು ಕಿವಿಗೆ ಬಿದ್ದಿರ್ತಾವ. ಮೂರು ಸಾಕ್ಷಿ ಒಂದೇ ಮಾತು ಹೇಳುವಾಗ ನಾಲ್ಕನೆಯದನ್ನು ಅದು ಹ್ಯಾಂಗ ನಂಬಬೇಕು?

ಹಾಗಾಗಿ ನನ್ನ ತಕರಾರು ಹುಡುಗರ ಇಂಗ್ಲಿಷಿನ ಬಗ್ಗೆ ಅಲ್ಲ. ಅವರ ಕೈಗೆ ಕೊಡುವ ಒಂದು ಪಟ್ಟಿಯ ಬಗ್ಗೆ.

ಆ ಪಟ್ಟಿ ನೀವೂ ನೋಡಿರ್ತೀರಿ. ಗ್ರಾಮರ್ ಗೈಡುಗಳಲ್ಲಿ, ಟ್ಯೂಷನ್ನಿನ ಝೆರಾಕ್ಸ್ ಹಾಳೆಗಳಲ್ಲಿ ಇರ್ತದೆ. ಎಡಕ್ಕೆ ಕನ್ನಡದ ಪ್ರತ್ಯಯ, ಬಲಕ್ಕೆ ಇಂಗ್ಲಿಷಿನ ಪ್ರಿಪೊಸಿಷನ್. ‘ಗೆ’ ಅಂದ್ರೆ ಟು. ‘ಇಂದ’ ಅಂದ್ರೆ ಫ್ರಮ್. ‘ಅಲ್ಲಿ’ ಅಂದ್ರೆ ಇನ್. ‘ಮೇಲೆ’ ಅಂದ್ರೆ ಆನ್. ಹುಮನಾಬಾದಿಗೆ ಹೋದ, ಹುಮನಾಬಾದಿನಿಂದ ಬಂದ, ಚೀಲದಲ್ಲಿ ಪುಸ್ತಕ ಅದ, ಮೇಜಿನ ಮೇಲೆ ಪೆನ್ನು ಅದ. ಇಷ್ಟರ ಮಟ್ಟಿಗೆ ಪಟ್ಟಿ ಚಲೋ ಕೆಲಸ ಮಾಡ್ತದೆ. ಕಣ್ಣಿಗೆ ಕಾಣುವ ಜಾಗ, ದಾರಿ, ದಿಕ್ಕಿನ ಮಾತಿದ್ದಾಗ ಭಾಷೆ ಭಾಷೆಗಳ ನಡುವೆ ಜಗಳ ಕಡಿಮೆ.

ಕ್ರಿಯಾಪದ ಬದಲಾಯಿಸಿ ನೋಡ್ರಿ, ಪಟ್ಟಿ ಕುಸೀತದೆ. ‘ಕೇಳು’ ತಗೊಳ್ರಿ. ನಮ್ಮ ಭಾಗದಲ್ಲಿ ‘ಮಾಸ್ತರಿಗಿ ಕೇಳು’ ಅಂತೀವಿ. ಪಟ್ಟಿ ನಂಬಿದ ಹುಡುಗಿ ‘ಆಸ್ಕ್ ಟು ದ ಟೀಚರ್’ ಅಂತ ಬರೀತಾಳೆ, ಕೆಂಪು ಗೆರೆ ಬೀಳ್ತದೆ. ಮೈಸೂರು ಕಡೆ ‘ಮೇಷ್ಟ್ರನ್ನು ಕೇಳು’ ಅಂತಾರೆ; ಅಲ್ಲಿ ‘ಗೆ’ ಇಲ್ಲ, ಹಾಗಾಗಿ ‘ಟು’ ಹಾಕುವ ಆಸೆಯೂ ಹುಟ್ಟೋದಿಲ್ಲ. ಅಂದ್ರೆ ಒಂದೇ ಪಟ್ಟಿ ಒಂದು ಊರಿನ ಮಗುವಿಗೆ ತಪ್ಪು ಕಲಿಸ್ತದೆ, ಇನ್ನೊಂದು ಊರಿನ ಮಗುವನ್ನು ಪುಕ್ಕಟೆ ಪಾರು ಮಾಡ್ತದೆ. ಎರಡೂ ಮಕ್ಕಳು ಅಷ್ಟೇ ಬುದ್ಧಿವಂತರು, ಅಷ್ಟೇ ಓದಿದವರು. ಉರ್ದುದಾಗ ‘ಉಸ್ ಸೆ ಪೂಛೋ’, ಅವನಿಂದ ಕೇಳು. ದಖನಿಯಲ್ಲಿ ಮಾತಾಡುವವರ ಬಾಯಲ್ಲಿ ಅದೇ ‘ಉಸ್ಕು ಪೂಛೋ’ ಆಗ್ತದೆ, ನಮ್ಮ ‘ಅವನಿಗೆ ಕೇಳು’ ಇದ್ದ ಹಾಗೆ.

‘ಹೆದರು’ ಇನ್ನೂ ಮಜಾ. ಕನ್ನಡಿಗ ನಾಯಿಗೆ ಹೆದರ್ತಾನೆ. ಮರಾಠಿಯವನು ‘ಕುತ್ರ್ಯಾಲಾ’ ಹೆದರ್ತಾನೆ, ಅದೂ ನಾಯಿಗೇ. ಉರ್ದುದವನು ‘ಕುತ್ತೇ ಸೆ’, ನಾಯಿಯಿಂದ ಹೆದರ್ತಾನೆ. ಇಂಗ್ಲಿಷಿನವನು ‘ಅಫ್ರೇಡ್ ಆಫ್’ ಅಂದು ನಾಯಿಯ ಹೆದರಿಕೆಯಲ್ಲಿರ್ತಾನೆ. ನಾಯಿ ಒಂದೇ, ಎದೆ ಡವಡವ ಅನ್ನೋದೂ ಒಂದೇ. ಜೊತೆಗೆ ಬರುವ ಪದ ಮಾತ್ರ ಬೇರೆ.

ಹಾಗಾದ್ರೆ ಇಂಗ್ಲಿಷಿನ ಜೋಡಿಗಳ ಹಿಂದೆ ಏನಾದರೂ ತರ್ಕ ಇದೆಯಾ? ಅರ್ಧ ಇದೆ, ಅರ್ಧ ಇಲ್ಲ. ‘ಡಿಪೆಂಡ್ ಆನ್’ ನೋಡ್ರಿ. ಈ ಭಾಗದ ರೈತ ‘ತೊಗರಿ ಮಳಿ ಮ್ಯಾಲ ನಿಂತದ’ ಅಂತಾನೆ. ಇಂಗ್ಲಿಷಿನಲ್ಲೂ ‘ಮೇಲೆ’ಯೇ. ಇಲ್ಲಿ ಪಟ್ಟಿ ಗೆದ್ದಿತು. ಆದ್ರೆ ಡಿಪೆಂಡ್ ಅನ್ನೋ ಪದದ ಲ್ಯಾಟಿನ್ ಮೂಲಕ್ಕೆ ಹೋದರೆ ಅರ್ಥ ‘ಒಂದರಿಂದ ಕೆಳಗೆ ಜೋತುಬೀಳು’. ಫ್ರೆಂಚರು ಇವತ್ತಿಗೂ ಅದರ ಜೊತೆ ‘ದ’ ಅನ್ನೋ ಪದ ಬಳಸ್ತಾರೆ, ಅಂದ್ರೆ ಹೆಚ್ಚುಕಡಿಮೆ ನಮ್ಮ ‘ಇಂದ’. ಜೋತುಬಿದ್ದದ್ದು ಇಂಗ್ಲಿಷಿಗೆ ಬಂದು ಮೇಲೆ ಹತ್ತಿ ಕೂತಿತು. ಬಳಕೆ ಹಾಗೆ ನಡೆಸಿಕೊಂಡು ಬಂತು, ಅಷ್ಟೇ. ಜೊತೆಗಾರನನ್ನು ಆರಿಸೋದು ಕ್ರಿಯಾಪದ. ಪ್ರತ್ಯಯಕ್ಕೆ ತನ್ನದೇ ಆದ ಒಂದು ಖಾಯಂ ಅನುವಾದ ಇರೋದಿಲ್ಲ. ಪಟ್ಟಿ ಇದನ್ನೇ ತಲೆಕೆಳಗು ಮಾಡಿ ಕಲಿಸ್ತದೆ.

ಈ ಪಟ್ಟಿಯ ಚಾಳಿ ಹೊಸದಲ್ಲ, ಅದಕ್ಕೆ ನಮ್ಮ ಕಲ್ಯಾಣದ್ದೇ ನಂಟಿದೆ. ಚಾಲುಕ್ಯ ದೊರೆ ಜಗದೇಕಮಲ್ಲನ ಆಶ್ರಯದಲ್ಲಿದ್ದ ಎರಡನೇ ನಾಗವರ್ಮ ‘ಕರ್ನಾಟಕ ಭಾಷಾಭೂಷಣ’ ಬರೆದ. ಕನ್ನಡದ ವ್ಯಾಕರಣ, ಆದರೆ ಸೂತ್ರಗಳು ಸಂಸ್ಕೃತದಲ್ಲಿ. ಒಂದು ಭಾಷೆಯನ್ನು ಇನ್ನೊಂದರ ಮನೆಯೊಳಗೆ ಕೂಡಿಸಿ ವಿವರಿಸುವ ಕೆಲಸ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲೇ ಬರೆದ. ಆದರೂ ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟು ಉಳಿಯಿತು. ಕನ್ನಡದ ‘ಇಂದ’ ಎರಡು ಕೆಲಸ ಮಾಡ್ತದೆ: ಕೊಡಲಿಯಿಂದ ಕಡಿದ, ಮರದಿಂದ ಬಿದ್ದ. ಸಂಸ್ಕೃತದಲ್ಲಿ ಇವು ಬೇರೆ ಬೇರೆ ಖಾನೆ, ತೃತೀಯಾ ಮತ್ತು ಪಂಚಮೀ. ಐದನೇ ಖಾನೆ ಖಾಲಿ ಬಿಡಬಾರದಲ್ಲ! ಹಳಗನ್ನಡಕ್ಕೆ ‘ಅತ್ತಣಿಂ’ ಇತ್ತು. ನಮ್ಮ ಸಾಲಿ ಪುಸ್ತಕಕ್ಕೆ ‘ದೆಸೆಯಿಂದ’ ಬಂತು. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಅಂತ ಯಾರಾದರೂ ಮಾತಾಡಿದ್ದು ಕೇಳೀರೇನು?

ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಇಂಥ ಎರವಲು ಚೌಕಟ್ಟಿನ ವಿರುದ್ಧ ವಾದ ಹೂಡಿದರು. ಅವರ ಬರವಣಿಗೆ ಒಪ್ಪಿದವರೂ ಇದ್ದಾರೆ, ಸಿಡಿಮಿಡಿಗೊಂಡವರೂ ಇದ್ದಾರೆ. ನನಗೆ ಅನಿಸೋದು ಇಷ್ಟು: ಆ ಚರ್ಚೆ ಕನ್ನಡದ ಪಿರಿಯಡ್ಡಿನಲ್ಲೇ ಮುಗಿದುಹೋಯ್ತು, ಪಕ್ಕದ ಇಂಗ್ಲಿಷ್ ಪಿರಿಯಡ್ಡಿಗೆ ದಾಟಲೇ ಇಲ್ಲ. ಸಂಸ್ಕೃತದ ಖಾನೆಗೆ ಕನ್ನಡ ತುರುಕಬಾರದು ಅಂತ ಒಪ್ಪಿದವರೇ ಕನ್ನಡದ ಖಾನೆಗೆ ಇಂಗ್ಲಿಷ್ ತುರುಕುವಾಗ ಸುಮ್ಮನಿದ್ದಾರೆ.

ಹೊರಗಿನವರಿಗೆ ಇಂಗ್ಲಿಷ್ ಕಲಿಸಿದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು 1942ರಲ್ಲಿ ಟೋಕಿಯೋದಿಂದ ಒಂದು ನಿಘಂಟು ತಂದರು. ಮುಂದೆ ಆಕ್ಸ್‌ಫರ್ಡಿನ ಕಲಿಕೆಯ ನಿಘಂಟಾಗಿ ಜಗತ್ತೆಲ್ಲ ತಿರುಗಿದ್ದು ಅದೇ. ಅದರ ವಿಶೇಷ ಅಂದ್ರೆ ಕ್ರಿಯಾಪದದ ಅರ್ಥ ಹೇಳಿ ಕೈತೊಳೆದುಕೊಳ್ಳೋದಿಲ್ಲ; ಆ ಕ್ರಿಯಾಪದ ವಾಕ್ಯದೊಳಗೆ ಯಾವ ನಮೂನೆಯಲ್ಲಿ ನಿಲ್ತದೆ ಅನ್ನೋದನ್ನೂ ತೋರಿಸ್ತದೆ. ಅಲ್ಲಿ ಕ್ರಿಯಾಪದ ಮೊದಲು. ನಮ್ಮ ಗೈಡಿನಲ್ಲಿ ಪ್ರಿಪೊಸಿಷನ್ ಮೊದಲು.

ಇನ್ನು ಹುಡುಗರನ್ನು ಭಾಳ ಕಾಡೋದು ಎರಡೆರಡು ಸಣ್ಣ ಪದ ಒಟ್ಟಿಗೆ ಬರುವ ಕಡೆ. ‘ರನ್ ಔಟ್ ಆಫ್’, ‘ಪುಟ್ ಅಪ್ ವಿತ್’. ಒಂದೊಂದೇ ಪದ ಬಿಡಿಸಿ ಅರ್ಥ ಹಚ್ಚಿದ್ರೆ ‘ಓಡು, ಹೊರಗೆ, ಅದರ’ ಅಂತ ಹುಚ್ಚುಹುಚ್ಚಾಗಿ ಬರ್ತದೆ. ಆದ್ರೆ ಈ ಆಟ ಕನ್ನಡಕ್ಕೆ ಹೊಸದಾ? ನಾವು ಕ್ರಿಯಾಪದದ ಬಾಲಕ್ಕೆ ಇನ್ನೊಂದು ಕ್ರಿಯಾಪದ ಕಟ್ತೀವಿ. ‘ನೋಡು’ ಬೇರೆ, ‘ನೋಡಿಕೋ’ ಬೇರೆ. ಲುಕ್ ಬೇರೆ, ಲುಕ್ ಆಫ್ಟರ್ ಬೇರೆ. ಸಕ್ಕರೆ ‘ತೀರಿಹೋಯ್ತು’ ಅನ್ನುವಾಗ ಸಕ್ಕರೆ ಎಲ್ಲಿಗೂ ನಡೆದು ಹೋಗಿರೋದಿಲ್ಲ. ‘ತಾಳಿಕೋ’ ಅನ್ನುವಾಗ ಯಾರೂ ಏನನ್ನೂ ಕೊಂಡಿರೋದಿಲ್ಲ. ಪುಟ್ ಅಪ್ ವಿತ್ ಅಂದ್ರೂ ಅದೇ, ತಾಳಿಕೋ. ಪದಗಳನ್ನು ಒಂದರ ಬೆನ್ನಿಗೆ ಒಂದು ಹಚ್ಚೋದೂ ನಮಗೆ ಗೊತ್ತು: ‘ಮಂಚದ ಕೆಳಗಿಂದ’, ‘ಮನ್ಯಾಗಿಂದ’. ಬಿಡಿಯಾಗಿ ಒಂದು ಅರ್ಥ, ಕೂಡಿದಾಗ ಇನ್ನೊಂದು ಅರ್ಥ ಅನ್ನೋದನ್ನ ಮಗು ನಾಲ್ಕನೇ ವರ್ಷಕ್ಕೇ ಕಲಿತಿರ್ತದೆ. ಇಂಗ್ಲಿಷ್ ಪಿರಿಯಡ್ಡಿನೊಳಗೆ ಆ ಕಲಿಕೆಗೆ ಬೆಲೆ ಇಲ್ಲ.

ನನಗೆ ಸಿಟ್ಟು ಬರೋದು ಇಲ್ಲಿ. ರಾಜ್ಯದ ಸಾಲಿಗಳಲ್ಲಿ 2007-08ರಿಂದ ಒಂದನೇ ಇಯತ್ತೆಯಲ್ಲೇ ಇಂಗ್ಲಿಷ್ ಭಾಷೆ ಸುರುವಾಯ್ತು. ಹತ್ತು, ಹನ್ನೆರಡು ವರ್ಷ ಓದಿದ ಹುಡುಗ ಹುಡುಗಿಯರು ಕೆಲಸಕ್ಕಂತ ಹೈದರಾಬಾದು, ಪುಣೆ, ಬೆಂಗಳೂರಿಗೆ ಹೋಗ್ತಾರೆ. ಎದುರಿಗೆ ಕೂತವರು ಪ್ರಶ್ನೆ ಕೇಳಿದಾಗ ಇವರಿಗೆ ಉತ್ತರ ಗೊತ್ತಿರ್ತದೆ, ಕ್ರಿಯಾಪದವೂ ನಾಲಗೆ ಮ್ಯಾಲ ಬಂದಿರ್ತದೆ. ಮುಂದೆ ಟು ಹಾಕಲೋ, ಫಾರ್ ಹಾಕಲೋ, ಏನೂ ಹಾಕಬಾರದೋ ಅನ್ನೋ ಅಂಜಿಕೆಗೆ ಬಾಯಿ ಮುಚ್ಚಿಬಿಡ್ತಾರೆ. ಮನೆಯಲ್ಲಿ, ಓಣಿಯಲ್ಲಿ, ಸಂತೆಯಲ್ಲಿ ಮೂರು ಭಾಷೆ ಸಂಭಾಳಿಸುವವರನ್ನು ‘ಭಾಷೆ ಬರದವರು’ ಅಂತ ಬರೆದು ಕಳಿಸ್ತಾರೆ. ತಪ್ಪು ಜೋಡಿ ಹಾಕಿದವರ ಮಾತು ಎದುರಿನವರಿಗೆ ಹ್ಯಾಂಗೋ ತಿಳೀತದೆ. ಸುಮ್ಮನೆ ಕೂತವರದು ತಿಳಿಯೋದಿಲ್ಲ.

ಕೆಲವರು ಕೇಳ್ತಾರೆ, ತರ್ಕ ಪೂರ್ತಿ ಇಲ್ಲ ಅಂದ್ಮೇಲೆ ಬಾಯಿಪಾಠ ಮಾಡಿಸದೆ ಬೇರೆ ದಾರಿ ಎಲ್ಲಿದೆ ಅಂತ. ಬಾಯಿಪಾಠ ಬೇಕು, ನಾನೂ ಒಪ್ತೀನಿ. ಏನನ್ನು ಬಾಯಿಪಾಠ ಮಾಡಬೇಕು ಅನ್ನೋದೇ ಪ್ರಶ್ನೆ. ‘ಫಾರ್ ಅಂದ್ರೆ ಗೋಸ್ಕರ’ ಅಂತ ಉರು ಹೊಡೆದರೆ ‘ವೇಟ್ ಫಾರ್ ದ ಬಸ್’ ಬರೋದಿಲ್ಲ. ಯಾಕಂದ್ರೆ ನಮ್ಮಲ್ಲಿ ಬಸ್ಸಿನ ಹಾದಿ ನೋಡ್ತಾರೆ, ಮರಾಠಿಯವರು ‘ವಾಟ್’ ನೋಡ್ತಾರೆ, ಉರ್ದುದವರು ‘ರಾಹ್’ ನೋಡ್ತಾರೆ. ಮೂವರೂ ಹಾದಿಯನ್ನೇ ನೋಡ್ತಿದ್ದಾರೆ. ‘ವೇಟ್ ಫಾರ್’ ಅನ್ನೋದನ್ನ ಒಂದೇ ಉಸಿರಿನ ಪದ ಅಂತ, ಬಸ್ಸಿನ ಸಮೇತ, ವಾಕ್ಯದ ಸಮೇತ ಕಲಿಸಬೇಕು.

ಒಂದು ನೋಟ್‌ಬುಕ್ ಸಾಕು. ಎಡಕ್ಕೆ ಕ್ರಿಯಾಪದ, ಪಕ್ಕಕ್ಕೆ ನಾಲ್ಕು ಖಾನೆ: ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್. ಮೊದಲ ಮೂರನ್ನು ಮಕ್ಕಳೇ ತುಂಬಲಿ, ಮನೆಯಲ್ಲಿ ಕೇಳಿಕೊಂಡು ಬಂದು ತುಂಬಲಿ. ದಕ್ಷಿಣದಿಂದ ವರ್ಗವಾಗಿ ಬಂದ ಮಾಸ್ತರಿಗೆ ಮರಾಠಿ ಬರದಿದ್ದರೂ ನಡೀತದೆ, ಅಲ್ಲಿ ಹುಡುಗರೇ ಗುರುಗಳು. ನಾಲ್ಕನೇ ಖಾನೆಯನ್ನು ಮಾಸ್ತರು ತುಂಬಲಿ. ಮೊದಲ ದಿನಕ್ಕೆ ‘ಕೇಳು’, ‘ಹೆದರು’, ‘ಕಾಯು’, ‘ಸಿಟ್ಟಾಗು’, ಇಷ್ಟು ಸಾಕು. ಸಿಟ್ಟಿನ ಸಾಲಿನಲ್ಲಿ ಮೂರು ‘ಮೇಲೆ’ಗಳ ಪಕ್ಕದಲ್ಲಿ ಒಂದು ‘ವಿತ್’ ಬಂದು ಕೂಡ್ತದೆ. ಅದನ್ನು ನೋಡಿ ಮಕ್ಕಳು ನಗ್ತಾರೆ. ನಗಲಿ ಬಿಡ್ರಿ, ‘ಈ ಇಂಗ್ಲಿಷಿನವರು ಸಿಟ್ಟಿನ ಸಂಗಟ ಕೂಡ್ತಾರೇನು’ ಅಂತ.